ಹಿತ್ತಿಲಿಗೊಂದು ಔಷಧಿ ಹಣ್ಣಿನ ಮರ: ಸೀಬೆ, ನೆಲ್ಲಿ, ನೇರಳೆ, ಮುರುಗಲು, ಬಿಲ್ವ – ಯಾವುದು ಯಾರಿಗೆ?

ಔಷಧಿಗೆಂದು ಹಣ್ಣಿನ ಗಿಡ ನೆಡುವವರು ಸಾಮಾನ್ಯವಾಗಿ ಕಾಯಿಲೆಯ ಹೆಸರು ಹಿಡಿದು ಗಿಡ ಹುಡುಕುತ್ತಾರೆ. ಸಕ್ಕರೆ ಕಾಯಿಲೆಗೆ ನೇರಳೆ, ಬೊಜ್ಜಿಗೆ ಮುರುಗಲಿನ ದಾಯಾದಿ ಉಪ್ಪಾಗೆ, ಕ್ಯಾನ್ಸರಿಗೆ ಲಕ್ಷ್ಮಣಫಲ. ಹೀಗೆ ಹುಡುಕಿದರೆ ತಪ್ಪು ಗಿಡ ಮನೆಗೆ ಬರುವ ಸಾಧ್ಯತೆಯೇ ಹೆಚ್ಚು. ಆ ಮರದ ಯಾವ ಭಾಗವನ್ನು, ಕಾಯಿಯೋ ಹಣ್ಣೋ ಯಾವ ಹದದಲ್ಲಿ, ಎಷ್ಟು ತಿನ್ನುತ್ತೇವೆ ಎಂಬುದನ್ನು ಮೊದಲು ನೋಡಬೇಕು. ತಿನ್ನುವವರ ಕಿಡ್ನಿ, ಲಿವರ್ ಹೇಗಿವೆ, ಅವರು ಈಗಾಗಲೇ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನೂ ನೋಡಬೇಕು. ಊಟದ ಅಳತೆಯಲ್ಲಿ ತಲೆಮಾರುಗಳಿಂದ ಬಳಸಿಕೊಂಡು ಬಂದ ಹಣ್ಣಿನದೇ ರಾಸಾಯನಿಕ ಕ್ಯಾಪ್ಸೂಲಿಗೆ ಸೇರಿದಾಗ ಲಿವರ್ ಕೆಟ್ಟ ಉದಾಹರಣೆಗಳಿವೆ. ಆಯ್ಕೆಗೆ ಅವೂ ಮುಖ್ಯ, ಮುಂದೆ ಬರುತ್ತವೆ.

ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. 30x40 ಸೈಟಿನಲ್ಲಿ ಮನೆ ಕಟ್ಟಿ ಮೂಲೆಯಲ್ಲಿ ಒಂದೇ ಗಿಡಕ್ಕೆ ಜಾಗ ಉಳಿದಿದ್ದರೆ ಸೀಬೆ. ನೀರು ಕಡಿಮೆ, ಬಿಸಿಲು ಹೆಚ್ಚು, ಎರಡು ಗಿಡಕ್ಕೆ ಜಾಗವಿದೆ ಅಂದರೆ ನೆಲ್ಲಿ. ಕರಾವಳಿ ಅಥವಾ ಮಲೆನಾಡಿನ ತೋಟದಂಚಾದರೆ ಮುರುಗಲು, ಅಂದರೆ ಪುನರ್ಪುಳಿ. ಬಯಲುಸೀಮೆಯ ಹೊಲದ ಬದುವಿಗೆ ಬಿಲ್ವ, ದೊಡ್ಡ ಜಮೀನಿದ್ದರೆ ನೇರಳೆ. ಹೀಗೇಕೆ ಎಂಬುದು ಇನ್ನು ಮುಂದೆ.

ಸೀಬೆ ಮತ್ತು ನೆಲ್ಲಿ: ಸಿ ಜೀವಸತ್ವದ ಲೆಕ್ಕ

ಸಿ ಜೀವಸತ್ವ ಅಂದರೆ ನೆಲ್ಲಿ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹಳೆಯ ಆಹಾರ ಕೋಷ್ಟಕಗಳಲ್ಲಿ 100 ಗ್ರಾಂ ನೆಲ್ಲಿಗೆ 600 ಮಿ.ಗ್ರಾಂ ಎಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಅದೇ ಕೋಷ್ಟಕದಲ್ಲಿ ಸೀಬೆಗೆ 200ಕ್ಕೂ ಹೆಚ್ಚು. ಈಗ ತಟ್ಟೆಯ ಲೆಕ್ಕ ಹಾಕಿ ನೋಡಿ. 40 ಗ್ರಾಮಿನ ಒಂದು ನೆಲ್ಲಿಕಾಯಿಯಿಂದ ಸುಮಾರು 100 ಮಿ.ಗ್ರಾಂ ಸಿಗುತ್ತದೆ, 150 ಗ್ರಾಮಿನ ಒಂದು ಸೀಬೆಯಿಂದ 300. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ. ಮಕ್ಕಳು ನೆಲ್ಲಿಕಾಯಿ ಕಚ್ಚಿ ಮುಖ ಕಿವಿಚುತ್ತಾರೆ, ಸೀಬೆ ಕೊಟ್ಟರೆ ಬೀಜದ ಸಮೇತ ತಿಂದು ಮುಗಿಸುತ್ತಾರೆ. ಸಿ ಜೀವಸತ್ವವೊಂದೇ ಬೇಕಿದ್ದರೆ ಸೀಬೆಯೇ ಸಾಕು.

ನೆಲ್ಲಿಯ ಹೆಚ್ಚುಗಾರಿಕೆ ಇರುವುದು ಅದರ ಒಗರಿನಲ್ಲಿ. ಎಂಬ್ಲಿಕಾನಿನ್, ಪೆಡುಂಕ್ಯುಲಾಜಿನ್ ಎಂಬ ಟ್ಯಾನಿನ್‌ಗಳು, ಗ್ಯಾಲಿಕ್ ಆಮ್ಲ, ಎಲಾಜಿಕ್ ಆಮ್ಲ ಇವೆಲ್ಲ ಸೇರಿ ಆ ಒಗರು. ಬೇಯಿಸಿದಾಗ, ಒಣಗಿಸಿದಾಗ ಸಿ ಜೀವಸತ್ವ ಕಡಿಮೆಯಾಗುತ್ತದೆ, ಒಗರಿನ ಅಂಶ ಬಹುಪಾಲು ಉಳಿಯುತ್ತದೆ. ತ್ರಿಫಲಾದಲ್ಲಿ ಅಳಲೆ, ತಾರೆಕಾಯಿಗಳ ಜೊತೆ ಒಣ ನೆಲ್ಲಿ ಬಳಸುವುದಕ್ಕೂ, ತಂಬುಳಿಗೆ ಹಸಿ ನೆಲ್ಲಿ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು: ಒಂದರಲ್ಲಿ ಟ್ಯಾನಿನ್ ಮುಖ್ಯ, ಇನ್ನೊಂದರಲ್ಲಿ ಎರಡೂ ಸಿಗುತ್ತವೆ. ತಂಬುಳಿಗೆ ಎರಡು ಕಾಯಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು, ಹಿಡಿ ತೆಂಗಿನತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಸಾಕು, ಒಲೆಗೆ ಇಡಬೇಡಿ. ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದರೆ ಹೋಳು ಕಪ್ಪಾಗುತ್ತದೆ. ಟ್ಯಾನಿನ್ ಕಬ್ಬಿಣದ ಜೊತೆ ಸೇರಿದಾಗ ಬರುವ ಬಣ್ಣವದು. ವಿಷವಲ್ಲ, ಆದರೆ ಬಣ್ಣವೂ ರುಚಿಯೂ ಕೆಡುತ್ತವೆ. ಸ್ಟೀಲ್ ಚಾಕು, ಗಾಜು ಅಥವಾ ಪಿಂಗಾಣಿ ಭರಣಿ ಬಳಸಿ.

ಬೆಳೆಯುವ ವಿಚಾರದಲ್ಲಿ ನೆಲ್ಲಿಗೆ ಒಂದು ತೊಡಕಿದೆ. ಒಂದೇ ಗಿಡ ನೆಟ್ಟರೆ ಹೂವು ಮೈತುಂಬ ಬಂದರೂ ಕಾಯಿ ಸರಿಯಾಗಿ ಕಚ್ಚದಿರಬಹುದು. ಎನ್‌ಎ-7, ಕೃಷ್ಣಾ, ಕಾಂಚನ್, ಚಕ್ಕಯ್ಯ ತಳಿಗಳಲ್ಲಿ ಯಾವುದಾದರೂ ಎರಡನ್ನು ಹತ್ತಿರದಲ್ಲಿ ನೆಡಬೇಕು, ನಡುವೆ 8 ಮೀಟರ್ ಅಂತರ ಬೇಕು. ಕಸಿ ಗಿಡ 3–4 ವರ್ಷಕ್ಕೆ ಕಾಯಿ ಬಿಡುತ್ತದೆ, ಬೀಜದ ಗಿಡಕ್ಕೆ ಅದರ ಎರಡರಷ್ಟು ಕಾಯಬೇಕು. ಕಾಯಿ ಹೊರಗೆ ಚೆನ್ನಾಗಿದ್ದು ಕತ್ತರಿಸಿದಾಗ ತಿರುಳು ಕಂದಾಗಿದ್ದರೆ ಅದು ಬೋರಾನ್ ಕೊರತೆ. ಫ್ರಾನ್ಸಿಸ್ ತಳಿಯಲ್ಲಿ ಇದು ಹೆಚ್ಚು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಲೀಟರ್ ನೀರಿಗೆ 6 ಗ್ರಾಂ ಬೋರಾಕ್ಸ್ ಬೆರೆಸಿ, 10–15 ದಿನ ಬಿಟ್ಟು ಮೂರು ಸಲ ಸಿಂಪಡಿಸಬೇಕು.

ಸೀಬೆಯಲ್ಲಿ ಹಣ್ಣಿನಷ್ಟೇ ಎಲೆಗೂ ಬೆಲೆ. ಎಲೆಯಲ್ಲಿ ಕ್ವೆರ್ಸೆಟಿನ್ ಎಂಬ ಸಸ್ಯರಾಸಾಯನಿಕ ಮತ್ತು ಅದು ಸಕ್ಕರೆಯ ಜೊತೆ ಸೇರಿದ ರೂಪಗಳಾದ ಗ್ವಾಯಿಜಾವೆರಿನ್, ಅವಿಕ್ಯುಲಾರಿನ್ ಇವೆ. ಇವು ಕರುಳಿನ ಸೆಳೆತವನ್ನು ತಗ್ಗಿಸುತ್ತವೆ. ಮೆಕ್ಸಿಕೊದಲ್ಲಿ ಕ್ವೆರ್ಸೆಟಿನ್ ಪ್ರಮಾಣ ನಿಗದಿಪಡಿಸಿದ ಎಲೆಸಾರದ ಕ್ಯಾಪ್ಸೂಲನ್ನು ಭೇದಿಯ ರೋಗಿಗಳಿಗೆ 8 ತಾಸಿಗೊಮ್ಮೆ ಮೂರು ದಿನ ಕೊಟ್ಟು ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೊಟ್ಟೆನೋವಿನ ಅವಧಿ ಕಡಿಮೆಯಾಗಿತ್ತು. ಜಪಾನಿನಲ್ಲಿ ಊಟದ ನಂತರ ರಕ್ತದ ಸಕ್ಕರೆ ಏರುವುದನ್ನು ನಿಧಾನಗೊಳಿಸುತ್ತದೆಂದು ಸೀಬೆ ಎಲೆಯ ಚಹಾಕ್ಕೆ 2000ದಲ್ಲಿ ಸರಕಾರದ ಮಾನ್ಯತೆ ಸಿಕ್ಕಿತು. ನಮ್ಮ ಹಿತ್ತಿಲ ಮರಗಳಲ್ಲಿ ಮನುಷ್ಯರ ಮೇಲೆ ಇಷ್ಟು ಪರೀಕ್ಷೆಯಾದ ಎಲೆ ಸಿಗುವುದು ಅಪರೂಪ.

ಕಷಾಯಕ್ಕೆ 8–10 ಚಿಗುರೆಲೆ ತೊಳೆದು ಹರಿದು, ಎರಡು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ ಸೋಸಿ. ದೊಡ್ಡವರು ಅರ್ಧರ್ಧ ಲೋಟದಂತೆ ದಿನಕ್ಕೆ ಎರಡು ಸಲ ಕುಡಿಯಬಹುದು. ಬಲಿತ ಎಲೆ ಹಾಕಿದರೆ ಒಗರು ವಿಪರೀತವಾಗುತ್ತದೆ. ಮಾರಾಟಕ್ಕೆ ಬೆಳೆದ ತೋಟದ ಎಲೆ ಬೇಡ, ಅದಕ್ಕೆ ಔಷಧಿ ಸಿಂಪಡಿಸಿರುತ್ತಾರೆ. ಒಂದು ವಿಷಯ ಮಾತ್ರ ಮರೆಯಬಾರದು: ಭೇದಿಯಲ್ಲಿ ಪ್ರಾಣಕ್ಕೆ ಕುತ್ತು ತರುವುದು ನೀರು, ಲವಣ ಕಳೆದುಕೊಳ್ಳುವುದು. ಮೊದಲು ಓಆರ್‌ಎಸ್, ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಕಷಾಯ ಅದರ ನಂತರ. ಮಲದಲ್ಲಿ ರಕ್ತ, ಜ್ವರ ಕಂಡರೆ ಅಥವಾ ಐದು ವರ್ಷದೊಳಗಿನ ಮಗುವಾದರೆ ಕಷಾಯ ಕಾಯಿಸುತ್ತ ಕೂರದೆ ಡಾಕ್ಟರ ಹತ್ತಿರ ಹೋಗಬೇಕು.

ಸೀಬೆ ಸಣ್ಣ ಜಾಗಕ್ಕೆ ಹೇಳಿಮಾಡಿಸಿದ್ದು. ಕಸಿ ಗಿಡ 2–3 ವರ್ಷಕ್ಕೆ ಫಲ ಕೊಡುತ್ತದೆ, ಸವರಿ ಆಳೆತ್ತರಕ್ಕೆ ನಿಲ್ಲಿಸಬಹುದು, 60 ಲೀಟರಿನ ಡ್ರಮ್ಮಿನಲ್ಲೂ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ಬಿಡುಗಡೆ ಮಾಡಿದ ಅರ್ಕಾ ಕಿರಣ್ ಕೆಂಪು ತಿರುಳಿನದು, ಆ ಕೆಂಪು ಕೊಡುವ ಲೈಕೋಪೀನ್ ಹೆಚ್ಚು. ಅರ್ಕಾ ಮೃದುಲಾ ಬಿಳಿ ತಿರುಳಿನದು, ಬೀಜ ಮೆತ್ತಗೆ, ಹಲ್ಲಿನ ತೊಂದರೆಯಿರುವ ಹಿರಿಯರಿಗೆ ಅನುಕೂಲ. ಮಳೆಗಾಲದ ಹಣ್ಣಿಗೆ ಹಣ್ಣುನೊಣದ ಹುಳು ಬೀಳುತ್ತದೆ. ಕಾಯಿ ನಿಂಬೆಗಾತ್ರ ಇದ್ದಾಗಲೇ ಕಾಗದದ ಚೀಲ ಕಟ್ಟಬೇಕು, ಇಲ್ಲವೇ ಮಳೆಗಾಲದ ಫಸಲಿಗೆ ಬೇಸಿಗೆಯಲ್ಲಿ ಬಿಡುವ ಹೂವು ಕಿತ್ತು ಚಳಿಗಾಲದ ಫಸಲನ್ನೇ ನೆಚ್ಚಿಕೊಳ್ಳಬೇಕು.

ಬಿಲ್ವ: ಕಾಯಿಗೊಂದು ಗುಣ, ಹಣ್ಣಿಗೆ ಇನ್ನೊಂದು

ಹೊಟ್ಟೆಯ ತೊಂದರೆಗೆ ಸೀಬೆಯ ಜೊತೆ ಹೋಲಿಸಬೇಕಾದ್ದು ಬಿಲ್ವ. ರಾಮನವಮಿಯ ಪಾನಕಕ್ಕೆ ಹಾಕುವ ಬೇಲದ ಹಣ್ಣು ಬೇರೆ ಮರ, ಇಲ್ಲಿ ಹೇಳುತ್ತಿರುವುದು ಮೂರೆಲೆಯ ಪತ್ರೆಯ ಬಿಲ್ವ. ಬಲಿತು ಇನ್ನೂ ಹಸಿರಾಗಿರುವ ಕಾಯಿಯಲ್ಲಿ ಟ್ಯಾನಿನ್ ಮತ್ತು ಪೆಕ್ಟಿನ್ ಹೆಚ್ಚು, ಆದ್ದರಿಂದ ಅದು ಭೇದಿಯನ್ನು ಕಟ್ಟುತ್ತದೆ. ಅದೇ ಕಾಯಿ ಹಣ್ಣಾದಾಗ ಲೋಳೆ ಮತ್ತು ಸಕ್ಕರೆ ಹೆಚ್ಚಿ ಮಲವನ್ನು ಸಡಿಲಿಸುತ್ತದೆ. ಭೇದಿಯೆಂದು ಬಿಲ್ವದ ಹಣ್ಣಿನ ಪಾನಕ ಕುಡಿದವರಿಗೆ ತೊಂದರೆ ಹೆಚ್ಚಾಗುವುದು ಈ ಕಾರಣಕ್ಕೆ. ಮಲಬದ್ಧತೆಯವರಿಗೆ ಹಣ್ಣು, ಭೇದಿಯವರಿಗೆ ಒಣಗಿಸಿದ ಕಾಯಿಹೋಳು.

ಹೋಳು ಮಾಡಲು ಕಾಯಿಯ ಚಿಪ್ಪು ಒಡೆಯುವಷ್ಟು ಗಟ್ಟಿಯಾಗಿರಬೇಕು, ತಿರುಳು ಬಿಳಿ ಅಥವಾ ತಿಳಿ ಹಳದಿ ಇರಬೇಕು. ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಹದ ಮೀರಿದೆ ಎಂದರ್ಥ. ಅರ್ಧ ಬೆರಳು ದಪ್ಪಕ್ಕೆ ಬಿಲ್ಲೆ ಕೊಯ್ದು, ಮುರಿದರೆ ಟಕ್ಕೆನ್ನುವವರೆಗೆ ಬಿಸಿಲಲ್ಲಿ ಒಣಗಿಸಬೇಕು. ನಡುವೆ ಹಸಿ ಉಳಿದರೆ ಬೂಸಲು ಹಿಡಿಯುತ್ತದೆ. ಬೂಸಲು ಬಂದದ್ದನ್ನು ಒರೆಸಿ ಬಳಸುವುದು ಬೇಡ, ಎಸೆಯಿರಿ. ದೊಡ್ಡವರಿಗೆ 10 ಗ್ರಾಮಿನಷ್ಟು ಒಣ ಹೋಳನ್ನು ನಾಲ್ಕು ಲೋಟ ನೀರಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಿ, ದಿನದಲ್ಲಿ ಎರಡು ಸಲಕ್ಕೆ ಹಂಚಿ ಕುಡಿಯಬಹುದು. ಹಣ್ಣಿನ ಪಾನಕ ಲೋಳೆಯಾದ್ದರಿಂದ ಮಾತ್ರೆಗಳ ಜೊತೆ ಬೇಡ, ಒಂದು ತಾಸಾದರೂ ಬಿಟ್ಟು ಕುಡಿಯಿರಿ.

ಬಿಲ್ವದ ಎಲೆಯಲ್ಲಿ ಈಗಲಿನ್ ಎಂಬ ರಾಸಾಯನಿಕವಿದೆ, ಹಣ್ಣಿನಲ್ಲಿ ಮಾರ್ಮೆಲೊಸಿನ್. ಈಗಲಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿ ತೂಕ ಇಳಿಸುವ ಉತ್ಪನ್ನವೊಂದಕ್ಕೆ ಸೇರಿಸಿದ್ದರು. 2013ರಲ್ಲಿ ಅಮೆರಿಕದ ಹವಾಯಿಯಲ್ಲಿ ಅದನ್ನು ಸೇವಿಸಿದ ಹಲವರಲ್ಲಿ ತೀವ್ರ ಹೆಪಟೈಟಿಸ್ ಕಂಡು, ಉತ್ಪನ್ನವನ್ನು ಮಾರುಕಟ್ಟೆಯಿಂದ ಹಿಂತೆಗೆಸಲಾಯಿತು. ಪೂಜೆಯ ಪತ್ರೆಗೂ ಆ ಮಾತ್ರೆಗೂ ನೇರ ಹೋಲಿಕೆ ಸಲ್ಲದು. ಆದರೆ ದಿನಾ ಬೆಳಿಗ್ಗೆ ಹಿಡಿ ಪತ್ರೆ ಅರೆದು ಕುಡಿಯುವ ಪದ್ಧತಿಯನ್ನು ನಾವು ಶಿಫಾರಸು ಮಾಡುವುದಿಲ್ಲ.

ಮರ ಗಟ್ಟಿಮುಟ್ಟು. ಕಲ್ಲುನೆಲ, ಬರ, ಸವುಳು ಎಲ್ಲ ತಡೆದುಕೊಳ್ಳುತ್ತದೆ. ಹೂವಿನಿಂದ ಹಣ್ಣಾಗಲು ಹೆಚ್ಚುಕಡಿಮೆ ಒಂದು ವರ್ಷ. ಮುಳ್ಳಿದೆ, ಬಲಿತ ಹಣ್ಣು ತಲೆಯ ಮೇಲೆ ಬಿದ್ದರೆ ಪೆಟ್ಟಾಗುತ್ತದೆ. ಮಕ್ಕಳು ಆಡುವ ಅಂಗಳಕ್ಕೆ ಇದು ತಕ್ಕದ್ದಲ್ಲ.

ಮುರುಗಲು, ಮತ್ತು ಅದರ ದಾಯಾದಿ ಉಪ್ಪಾಗೆ

ದಕ್ಷಿಣ ಕನ್ನಡದವರ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು. ಬೇಸಿಗೆಯ ದಾಹಕ್ಕೆ, ಅಜೀರ್ಣಕ್ಕೆ, ಮೈಮೇಲೆ ಏಳುವ ಪಿತ್ತದ ಗಂಧೆಗೆ ಕರಾವಳಿಯ ಮನೆಗಳಲ್ಲಿ ಇದೇ ಮೊದಲ ಮದ್ದು. ಸಿಪ್ಪೆಯಲ್ಲಿ ಮುಖ್ಯವಾಗಿ ಮೂರು ಅಂಶ: ಹುಳಿ ಕೊಡುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಕಡುಗೆಂಪು ಬಣ್ಣದ ಆಂಥೋಸಯಾನಿನ್, ಹಳದಿ ಬಣ್ಣದ ಗಾರ್ಸಿನಾಲ್. ಮೊದಲೆರಡು ನೀರಿನಲ್ಲಿ ಕರಗುತ್ತವೆ. ಗಾರ್ಸಿನಾಲ್ ಕೊಬ್ಬಿನಲ್ಲಿ ಕರಗುವಂಥದ್ದು, ಪಾನಕಕ್ಕೆ ಇಳಿಯುವುದು ಅತ್ಯಲ್ಪ. ಮುರುಗಲು ಕ್ಯಾನ್ಸರ್ ತಡೆಯುತ್ತದೆಂದು ಓಡಾಡುವ ಸಂದೇಶಗಳೆಲ್ಲ ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ, ಪ್ರಾಣಿಗಳ ಮೇಲೆ ಗಾರ್ಸಿನಾಲ್ ಪ್ರಯೋಗಿಸಿದ್ದರಿಂದ ಹುಟ್ಟಿದವು. ಲೋಟದಲ್ಲಿರುವ ಪಾನಕಕ್ಕೆ ಆ ಫಲಿತಾಂಶ ಅನ್ವಯಿಸುವುದಿಲ್ಲ.

ಸಿರಪ್ಪಿಗೆ ಚೆನ್ನಾಗಿ ಕೆಂಪಾದ ಹಣ್ಣನ್ನು ತೊಳೆದು ಒರೆಸಿ, ಎರಡು ಹೋಳು ಮಾಡಿ ಬೀಜ ತಿರುಳು ತೆಗೆಯಿರಿ. ಒಂದು ಕೆ.ಜಿ. ಸಿಪ್ಪೆಗೆ ಎರಡು ಕೆ.ಜಿ. ಸಕ್ಕರೆ, ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಂತೆ ತುಂಬಿ ಒಂದು ವಾರ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣ ಸೌಟಿನಿಂದ ತಿರುವಿ, ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ, ಉಪ್ಪು ಜೀರಿಗೆಪುಡಿ ಸೇರಿಸಿ. ಕುಡಿಯುವಾಗ ಒಂದು ಪಾಲಿಗೆ ಐದಾರು ಪಾಲು ನೀರು. ಸಕ್ಕರೆ ಕಡಿಮೆ ಹಾಕಿದರೆ ನಾಲ್ಕೈದು ದಿನದಲ್ಲಿ ನೊರೆ ಬಂದು ಹುದುಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಹುಳಿ ಅದನ್ನು ತಿನ್ನುತ್ತದೆ. ಸಕ್ಕರೆ ಕಾಯಿಲೆಯವರು ಸಿರಪ್ ಬಿಡಬೇಕು: 30 ಮಿ.ಲೀ.ಯಲ್ಲಿ 20 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಅವರಿಗೆ ಐದಾರು ಒಣಸಿಪ್ಪೆಯನ್ನು ಒಂದು ಲೋಟ ನೀರಲ್ಲಿ ಅರ್ಧ ತಾಸು ನೆನೆಸಿ ಕಿವುಚಿದ ನೀರು, ಚಿಟಿಕೆ ಉಪ್ಪು ಸಾಕು.

ಅಂಗಡಿಯ ಸಿರಪ್ಪಿನಲ್ಲಿ ಬಣ್ಣ ಬೆರೆಸಿದ್ದಾರೋ ಎಂದು ನೋಡಲು ಒಂದು ಚಮಚ ಸಿರಪ್ ನೀರಿಗೆ ಹಾಕಿ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಉದುರಿಸಿ. ಹುಳಿ ಇಂಗುವವರೆಗೆ ನೊರೆಯೇಳುತ್ತದೆ. ಆಮೇಲೆ ಆಂಥೋಸಯಾನಿನ್ನಿನ ಕೆಂಪು ನೇರಳೆಗೆ, ಮತ್ತೆ ಮಾಸಿದ ನೀಲಿ–ಹಸಿರಿಗೆ ಹೊರಳುತ್ತದೆ. ಎಷ್ಟು ಸೋಡಾ ಹಾಕಿದರೂ ಕೆಂಪು ಕೆಂಪಾಗಿಯೇ ಉಳಿದರೆ ಅದು ಮುರುಗಲಿನ ಬಣ್ಣವಲ್ಲ.

ಬೀಜವನ್ನೂ ಎಸೆಯಬಾರದು. ತೂಕದ ಸುಮಾರು ಕಾಲು ಭಾಗ ಕೊಬ್ಬು, ಹೆಚ್ಚಾಗಿ ಸ್ಟಿಯರಿಕ್ ಮತ್ತು ಒಲೆಯಿಕ್ ಆಮ್ಲಗಳದ್ದು. ಒಣಗಿಸಿ ಸಿಪ್ಪೆ ತೆಗೆದು ಕುಟ್ಟಿ ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ಆರಿದ ಮೇಲೆ ಬಿಳಿ ಗಟ್ಟಿಯಾಗುತ್ತದೆ. ಮೈಬಿಸಿಗಿಂತ ಸ್ವಲ್ಪ ಹೆಚ್ಚಿನ ಬಿಸಿಗೆ ಕರಗುವುದರಿಂದ ಒಡೆದ ಹಿಮ್ಮಡಿಗೆ ಹಚ್ಚಿದರೆ ಜಾರಿಹೋಗದೆ ನಿಲ್ಲುತ್ತದೆ.

ಉಪ್ಪಾಗೆಯ ಸಿಪ್ಪೆಯಲ್ಲೂ ಅದೇ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಹೇರಳ. ತೂಕ ಇಳಿಸುವ ಕ್ಯಾಪ್ಸೂಲುಗಳಿಗೆ ಅದನ್ನೇ ಸಾರ ತೆಗೆಯುವುದು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಅಧ್ಯಯನದಲ್ಲಿ ದಿನಕ್ಕೆ 1500 ಮಿ.ಗ್ರಾಂ ಕೊಟ್ಟರೂ ಹುಸಿಮಾತ್ರೆಗಿಂತ ಹೆಚ್ಚಿನ ತೂಕ ಇಳಿಯಲಿಲ್ಲ. ಉಪ್ಪಾಗೆಯ ಸಾರವಿರುವ ಉತ್ಪನ್ನಗಳನ್ನು ತೆಗೆದುಕೊಂಡವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ಬೇರೆ ಬೇರೆ ದೇಶಗಳಿಂದ ವರದಿಯಾಗಿವೆ. ಮೀನುಸಾರಿಗೆ ಹಾಕುವ ಎರಡು ತುಂಡು ಒಣ ಉಪ್ಪಾಗೆ, ಮಲೆನಾಡಿನ ಉಪ್ಪಾಗೆ ತುಪ್ಪ ಈ ಭಯದ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಹಿತ್ತಿಲಿಗೆ ಎರಡರಲ್ಲಿ ಒಂದು ಅಂದರೆ ನಮ್ಮ ಆಯ್ಕೆ ಮುರುಗಲೇ. ಅದರ ಹಣ್ಣು ಏಪ್ರಿಲ್–ಮೇ ಬಿಸಿಲಲ್ಲಿ ಸಿಗುತ್ತದೆ, ಉಪ್ಪಾಗೆ ಮಳೆಗಾಲದಲ್ಲಿ ಬಂದು ಒಣಗಿಸಲು ಸೌದೆ ಸುಡಬೇಕಾಗುತ್ತದೆ.

ಮುರುಗಲು ಗಿಡ ಕೊಳ್ಳುವಾಗ ಮೋಸಹೋಗುವುದು ಎರಡು ಕಡೆ. ಬೀಜದ ಗಿಡಗಳಲ್ಲಿ ಅರ್ಧದಷ್ಟು ಗಂಡು, ಆರೇಳು ವರ್ಷ ಸಾಕಿ ಹೂವು ಬಂದಾಗಲೇ ತಿಳಿಯುವುದು. ಹಾಗಾಗಿ ಕಸಿಯನ್ನೇ ತರಬೇಕು. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ ಹೆಸರಾದ ತಳಿ. ಕಸಿಯಲ್ಲೂ ಕಡ್ಡಿ ನೆಟ್ಟಗೆ ಮೇಲೇರುವ ರೆಂಬೆಯದ್ದಾಗಿರಬೇಕು. ಅಡ್ಡರೆಂಬೆಯಿಂದ ತೆಗೆದ ಕಡ್ಡಿಯಾದರೆ ಗಿಡ ನೆಲದ ಮೇಲೇ ಹರಡಿಕೊಂಡು ಮರವಾಗುವುದಿಲ್ಲ. ನರ್ಸರಿಯಲ್ಲಿ ಚಿಗುರು ನೇರ ಮೇಲಕ್ಕೆ ಹೋಗಿ ಸುತ್ತ ಕವಲೊಡೆದಿದೆಯೇ ನೋಡಿ, ಪಕ್ಕಕ್ಕೆ ಬಾಗಿದ್ದರೆ ಬಿಡಿ.

ನೇರಳೆ

ಹಣ್ಣಿನ ತೊಗಲು ಆಂಥೋಸಯಾನಿನ್‌ನಿಂದ ತುಂಬಿದೆ. ಬೀಜದಲ್ಲಿ ಎಲಾಜಿಕ್, ಗ್ಯಾಲಿಕ್ ಆಮ್ಲಗಳ ಜೊತೆ ಹಳೆಯ ಪುಸ್ತಕಗಳು ಜಂಬೋಲಿನ್ ಎಂದು ಕರೆದ ಅಂಶವಿದೆ. ಆಯುರ್ವೇದದಲ್ಲಿ ಬೀಜದ ಪುಡಿಯ ಪ್ರಮಾಣ ದಿನಕ್ಕೆ 3–6 ಗ್ರಾಂ. ಇದು ಸಕ್ಕರೆ ಕಾಯಿಲೆಯ ಮಾತ್ರೆಗೆ ಬದಲಿ ಅಲ್ಲ. ಬ್ರೆಜಿಲ್‌ನಲ್ಲಿ ನೇರಳೆ ಎಲೆಯ ಚಹಾವನ್ನು ಸಕ್ಕರೆ ಕಾಯಿಲೆಯ ಗ್ಲೈಬುರೈಡ್ ಮಾತ್ರೆಯ ಜೊತೆ ಹೋಲಿಸಿದ ಅಧ್ಯಯನದಲ್ಲಿ ಮಾತ್ರೆ ಸಕ್ಕರೆ ಇಳಿಸಿತು, ಎಲೆ ಚಹಾ ಇಳಿಸಲಿಲ್ಲ. ಹಾಗಾಗಿ ಎಲೆ ಕುದಿಸುವುದರಲ್ಲಿ ಪ್ರಯೋಜನವಿಲ್ಲ. ಬೀಜದ ಪುಡಿ ಬಳಸುವುದಾದರೆ ಡಾಕ್ಟರಿಗೆ ಹೇಳಿ, ಮಾತ್ರೆ ನಿಲ್ಲಿಸದೆ, ಸಕ್ಕರೆ ಅಳೆಯುತ್ತ ಬಳಸಿ. ಮಾತ್ರೆಯ ಜೊತೆ ಸೇರಿ ಸಕ್ಕರೆ ಅತಿಯಾಗಿ ಇಳಿದರೆ ಬೆವರು, ನಡುಕ, ಕಣ್ಣು ಮಂಜಾಗುವುದು ಕಾಣಿಸುತ್ತದೆ. ತಕ್ಷಣ ಸಕ್ಕರೆ ನೀರು ಕುಡಿಯಬೇಕು.

ಪುಡಿಗೆ ತಿರುಳು ಒಂದಿಷ್ಟೂ ಉಳಿಯದಂತೆ ಬೀಜ ತೊಳೆದು ಮೂರು ನಾಲ್ಕು ದಿನ ಬಿಸಿಲಿಗೆ ಹಾಕಿ. ಹೊರ ಪೊರೆ ಬಿರಿದ ಮೇಲೆ ಸುಲಿದು, ಒಳಗಿನ ಹಸಿರು ಬೇಳೆಯನ್ನು ಒಡೆದು ಇನ್ನೂ ಎರಡು ಮೂರು ದಿನ ಒಣಗಿಸಬೇಕು. ಇಡೀ ಬೀಜ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ಪುಡಿಗೆ ಬೂಸಲು ಬರುವುದು ಅಲ್ಲಿಂದ.

ಮರ ದೊಡ್ಡದಾಗುತ್ತದೆ, ಕೊಂಬೆ ಸುಲಭವಾಗಿ ಸಿಡಿದು ಮುರಿಯುತ್ತದೆ. ಹಣ್ಣಿಗೆ ಹತ್ತಿ ಬಿದ್ದವರು ಪ್ರತಿ ವರ್ಷ ಆಸ್ಪತ್ರೆ ಸೇರುತ್ತಾರೆ. ಮನೆಯಿಂದ 8–10 ಮೀಟರ್ ದೂರವಿರಲಿ. ಕೆಳಗೆ ಬಲೆ ಕಟ್ಟಿ ಉದುರಿಸಿ.

ಪಪ್ಪಾಯಿ ಯಾಕಿಲ್ಲ ಎಂದು ಕೇಳುವವರಿಗೆ

ಪಪ್ಪಾಯಿ ಒಂಬತ್ತು ಹತ್ತು ತಿಂಗಳಿಗೇ ಹಣ್ಣು ಕೊಡುತ್ತದೆ, ಜೀರ್ಣಕ್ಕೆ, ಕಣ್ಣಿಗೆ ಒಳ್ಳೆಯದು. ಆದರೆ ಮೂರು ವರ್ಷದ ಗಿಡ, ಬುಡದಲ್ಲಿ ಒಂದು ದಿನ ನೀರು ನಿಂತರೂ ಕೊಳೆಯುತ್ತದೆ. ಉಳಿದವುಗಳ ನಡುವೆ ತಾತ್ಕಾಲಿಕವಾಗಿ ನೆಡಿ. ಕಾಯಿಯ ಹಾಲಿನಲ್ಲಿ ಪಪೈನ್ ಇರುವುದರಿಂದ ಗರ್ಭಿಣಿಯರಿಗೆ ಕಾಯಿ ಬೇಡ. ಡೆಂಗಿಯಲ್ಲಿ ಎಲೆರಸ ಪ್ಲೇಟ್‌ಲೆಟ್ ಏರಿಸುತ್ತದೆಂಬುದಕ್ಕೆ ಮಲೇಶಿಯಾದ 2013ರ ಅಧ್ಯಯನದ ಬೆಂಬಲವಿದೆ. ಆದರೆ ಡೆಂಗಿಯಲ್ಲಿ ಅಪಾಯವಿರುವುದು ರಕ್ತನಾಳಗಳಿಂದ ದ್ರವ ಸೋರುವುದರಲ್ಲಿ, ಅದನ್ನು ಎಲೆರಸ ತಡೆಯುವುದಿಲ್ಲ.

ಔಷಧಿಗೆಂದು ನೆಡಬಾರದವು

ಲಕ್ಷ್ಮಣಫಲ ಹಣ್ಣಾಗಿ ರುಚಿ. ಅಪರೂಪಕ್ಕೆ ತಿಂದರೆ ತೊಂದರೆಯೇನಿಲ್ಲ. ಎಲೆಯ ಚಹಾ, ಬೀಜದ ಪುಡಿಯ ಬಗ್ಗೆ ನಮ್ಮ ಆಕ್ಷೇಪ. ಇದರ ಅನೋನಾಸಿನ್ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಅಡ್ಡಗಟ್ಟುತ್ತದೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶ ಸಾಯುವುದು ಹಾಗೆ, ಮೆದುಳಿನ ನರಕೋಶ ಸಾಯುವುದೂ ಹಾಗೆಯೇ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಔಷಧಿಗೆ ಸ್ಪಂದಿಸದ ಪಾರ್ಕಿನ್ಸನ್ ಮಾದರಿಯ ಕಾಯಿಲೆಗೂ ಈ ಹಣ್ಣು ಮತ್ತು ಎಲೆ ಚಹಾದ ಬಳಕೆಗೂ ನಂಟಿರುವುದನ್ನು 1999ರಲ್ಲಿ ವರದಿ ಮಾಡಲಾಯಿತು. ಮನುಷ್ಯರಲ್ಲಿ ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಪುರಾವೆಯಿಲ್ಲ. ಇದನ್ನು ನಂಬಿ ಕಿಮೋ ಬಿಡುವವರನ್ನು ತಡೆಯಲೇಬೇಕು.

ಬಿಂಬುಳಿ ಮತ್ತು ನಕ್ಷತ್ರ ಹಣ್ಣು ಚಟ್ನಿ, ಉಪ್ಪಿನಕಾಯಿಗೆ ಸರಿ. ಎರಡರಲ್ಲೂ ಕಿಡ್ನಿಯಲ್ಲಿ ಹರಳಾಗಿ ಕೂರುವ ಆಕ್ಸಲೇಟ್ ಹೆಚ್ಚು. ಕೇರಳದಲ್ಲಿ ಕೊಲೆಸ್ಟರಾಲ್ ಇಳಿಸಲು ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ ಹತ್ತು ಜನರ ವಿವರ 2013ರಲ್ಲಿ ಪ್ರಕಟವಾಯಿತು, ಅವರಲ್ಲಿ ಹಲವರಿಗೆ ಡಯಾಲಿಸಿಸ್ ಬೇಕಾಯಿತು. ನಕ್ಷತ್ರ ಹಣ್ಣಿನಲ್ಲಿ ಕ್ಯಾರಂಬಾಕ್ಸಿನ್ ಎಂಬ ನರವಿಷವೂ ಇದೆ. ಆರೋಗ್ಯವಂತ ಕಿಡ್ನಿ ಅದನ್ನು ಹೊರಹಾಕುತ್ತದೆ, ಕೆಟ್ಟ ಕಿಡ್ನಿಗೆ ಆಗುವುದಿಲ್ಲ. ಆಗ ಮೊದಲು ಬಿಡದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಡಯಾಲಿಸಿಸ್‌ನಲ್ಲಿರುವವರ ಮನೆಯಲ್ಲಿ ಈ ಮರವಿದ್ದರೆ ಒಂದು ಹೋಳೂ ಅವರ ತಟ್ಟೆಗೆ ಹೋಗದಂತೆ ನೋಡಿಕೊಳ್ಳಬೇಕು.

ನೆಡುವಾಗ

ಗುಣಿ ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ಸೀಬೆಗೆ ಎರಡು ಅಡಿ, ಉಳಿದವಕ್ಕೆ ಮೂರು ಅಡಿ ಚೌಕ ಮತ್ತು ಆಳ. ಮೇಲ್ಮಣ್ಣಿಗೆ 15–20 ಕೆ.ಜಿ. ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ, ಒಂದೆರಡು ಮಳೆ ಬಿದ್ದು ಮಣ್ಣು ಕುಸಿದ ಮೇಲೆ ನೆಡಿ. ಕಸಿಗಂಟು ನೆಲದಿಂದ ಒಂದು ಗೇಣು ಮೇಲಿರಲಿ. ಗಂಟಿನ ಕೆಳಗೆ ಒಡೆಯುವ ಚಿಗುರನ್ನು ವಾರಕ್ಕೊಮ್ಮೆ ಚಿವುಟದಿದ್ದರೆ ಕಾಡುಗಿಡ ಮೇಲೆದ್ದು ಕಸಿ ಒಣಗುತ್ತದೆ. ಮುರುಗಲಿಗೆ ಮೊದಲೆರಡು ವರ್ಷ ನೆರಳು ಬೇಕು, ಅಡಿಕೆ ಅಥವಾ ತೆಂಗಿನ ಸಾಲಿನ ನಡುವೆ ಸಿಕ್ಕುವಷ್ಟು ಸಾಕು. ನೆಲ್ಲಿ, ಬಿಲ್ವಗಳಿಗೆ ನೆರಳು ಬಿದ್ದರೆ ಗಿಡ ಉದ್ದಕ್ಕೆ ಎಳೆದುಕೊಂಡು ಫಲ ಬರುವುದು ತಡವಾಗುತ್ತದೆ.